ನೆಲ ಬಿಡದ ಅಧ್ಯಕ್ಷೆ

ನಮ್ಮ ಮನೆಯವರು ಸಂಜೆಯ ಚಹಾ ಕುಡಿಯುವುದು ತೊಲೆಯ ಪಕ್ಕದಲ್ಲಿ. ಬಿದಿರಿನ ಕೋಲಿಗೆ ಒಂದು ಪುಟ್ಟ ಬುಟ್ಟಿ ಕಟ್ಟಿದ್ದೇನೆ. ಅದರಲ್ಲಿ ಲೋಟವಿಟ್ಟು ಮೇಲಕ್ಕೆ ಎತ್ತಿ ಹಿಡಿಯಬೇಕು. ಅವರು ಗಾಳಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ತೊಲೆಗೆ ಬೆನ್ನು ಕೊಟ್ಟು ಸೊರ್ ಎಂದು ಹೀರುತ್ತಾರೆ. ಸಕ್ಕರೆ ಕಡಿಮೆ ಅನ್ನಿಸಿದರೆ ಅವರು ಇಳಿಯುವುದಿಲ್ಲ, ಬುಟ್ಟಿ ಇಳಿಯುತ್ತದೆ. ಮಡಿವಾಳಪ್ಪ ಅಂತ ಅವರ ಹೆಸರು. ಊರಿನ ನೀರಿನ ಟಾಕಿಯ ವಾಲ್ವು ತಿರುಗಿಸುವುದು ಅವರ ನೌಕರಿ. ಬೆಳಿಗ್ಗೆ ಎಡಕ್ಕೆ ತಿರುಗಿಸುತ್ತಾರೆ, ಮಧ್ಯಾಹ್ನ ಬಲಕ್ಕೆ ತಿರುಗಿಸುತ್ತಾರೆ. ಬಲಕ್ಕೆ ತಿರುಗಿಸಿ ಕೈ ಒರೆಸಿಕೊಂಡರೆ ಅವರ ಮಟ್ಟಿಗೆ ಜಗತ್ತಿನ ಕೆಲಸವೆಲ್ಲ ಮುಗಿಯಿತು. ನಮ್ಮ ಹೊಸ್ತಿಲು ದಾಟುವಷ್ಟರಲ್ಲಿ ಚಪ್ಪಲಿ ಕೆಳಗೆ ಉಳಿದು ಅವರು ಮೇಲಾಗಿರುತ್ತಾರೆ.

ನಮ್ಮೂರು ಇರುವುದೇ ಹೀಗೆ. ದಿನದ ಕೆಲಸ ಪೂರ್ತಿ ಮುಗಿದವರ ಕಾಲು ನೆಲ ಬಿಡುತ್ತದೆ. ಇಳಿಬಿಸಿಲಿನಲ್ಲಿ ಬಜಾರಿಗೆ ಬಂದು ತಲೆ ಎತ್ತಿದರೆ ಕಮ್ಮಾರ, ಬಳೆಗಾರ, ಪೋಸ್ಟಿನವರು ಎಲ್ಲರೂ ಸೊಂಟಕ್ಕೊಂದು ಹಗ್ಗ ಬಿಗಿದು, ಅದರ ತುದಿಯನ್ನು ಅಂಗಡಿಯ ಕಂಬಕ್ಕೆ ಕಟ್ಟಿ, ಮಾಳಿಗೆಯ ಮಟ್ಟದಲ್ಲಿ ತೇಲುತ್ತ ರಾಜಕೀಯ ಮಾತಾಡುತ್ತಿರುತ್ತಾರೆ. ಹೆಂಗಸರೆಲ್ಲ ಕಚ್ಚೆ ಹಾಕಿಯೇ ಸೀರೆ ಉಡುತ್ತೇವೆ. ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಏರಲು ಮನಸ್ಸಿಲ್ಲದವರು ಏನಾದರೊಂದನ್ನು ಬಾಕಿ ಇಟ್ಟುಕೊಳ್ಳುತ್ತಾರೆ. ನಮ್ಮ ದರ್ಜಿಗೆ ಎತ್ತರವೆಂದರೆ ಹೆದರಿಕೆ, ಹಾಗಾಗಿ ಅವನು ಹೊಲಿದ ಅಂಗಿಗೆ ಕೊನೆಯ ಗುಂಡಿ ಇರುವುದಿಲ್ಲ. ಯಾರೂ ಕೇಳುವುದೂ ಇಲ್ಲ. ಏರಿದವರು ಇಳಿಯಬೇಕೆಂದರೆ ಒಂದು ಕೆಲಸ ನೆನಪು ಮಾಡಿಕೊಂಡರೆ ಸಾಕು. ‘ಹಾಲು ಒಲೆಯ ಮೇಲೆ ಬಿಟ್ಟು ಬಂದೆನೇ’ ಎಂದುಕೊಂಡ ಕೂಡಲೇ ಮೈ ಭಾರವಾಗಿ ಸರಸರ ಇಳಿಯುತ್ತಾರೆ. ನನ್ನ ಸೋದರಮಾವ ಮಾತ್ರ ನಿವೃತ್ತಿಯಾದ ದಿನ ಹಾರ ಹಾಕಿಸಿಕೊಂಡು, ಹಗ್ಗ ಕಟ್ಟಿಕೊಳ್ಳುವುದನ್ನು ಮರೆತು ಅಂಗಳಕ್ಕೆ ಬಂದ. ನೆನಪು ಮಾಡಿಕೊಳ್ಳಲು ಒಂದು ಕೆಲಸವೂ ಇಲ್ಲ. ಗಾಳಿ ಎತ್ತ ಬೀಸಿತೋ ಅತ್ತ ಹೋದ. ವಾರ ಕಳೆದ ಮೇಲೆ ಬಸ್ಸಿನಲ್ಲಿ ಬಂದಿಳಿದ, ಕಂಕುಳಲ್ಲೊಂದು ಕುಂಬಳಕಾಯಿ. ಯಾರೋ ಒಂದು ಕೆಲಸ ಹೇಳಿ ತಮ್ಮ ಮಾಳಿಗೆಯ ಮೇಲೆ ಇಳಿಸಿಕೊಂಡಿದ್ದರಂತೆ, ಬಹಳ ಒಳ್ಳೆಯ ಜನವಂತೆ.

ಊರಿನ ಪಡುವಣ ಅಂಚಿಗೆ ಒಂದು ದೊಡ್ಡ ಬಂಡೆ ಇದೆ. ಅದರ ನೆತ್ತಿಯ ಹತ್ತಿರ ಒಂದು ಗೂಡು, ಗೂಡಿನಲ್ಲಿ ಗೂಡಪ್ಪ. ಅವನೇ ನಮ್ಮ ಊರದೇವರು. ಬಂಡೆಗೆ ಮೆಟ್ಟಿಲಿಲ್ಲ, ಏಣಿ ಇಡುವುದು ಪದ್ಧತಿಯಲ್ಲ. ಕೆಲಸ ಮುಗಿಸಿ ಮೇಲೇರಿದವರಿಗಷ್ಟೇ ಅವನ ದರ್ಶನ. ಪೂಜಾರಿ ಕೂಡ ಬುಡದಲ್ಲೇ ಕಾಯಿ ಒಡೆಯುತ್ತಾನೆ. ಎರಡು ಕೋರ್ಟು ಕೇಸು, ಮೂರು ಕಡೆ ಹೊಲ ಇಟ್ಟುಕೊಂಡ ಅವನಿಗೆ ಏರುವುದು ಹಣೆಯಲ್ಲಿ ಬರೆದಿಲ್ಲ.

ನಾನು ಹುಟ್ಟಿದ್ದು ಈ ಊರಿನಲ್ಲಿ, ಮದುವೆಯಾಗಿದ್ದು ಈ ಊರಿನಲ್ಲಿ, ತಲೆ ಅರ್ಧ ಬೆಳ್ಳಗಾಗಿದ್ದೂ ಇಲ್ಲೇ. ಗೂಡಪ್ಪನ ಮುಖ ಮಾತ್ರ ನೋಡಿರಲಿಲ್ಲ. ನನ್ನ ಕಾಲು ಒಮ್ಮೆಯೂ ನೆಲ ಬಿಟ್ಟಿರಲಿಲ್ಲ. ಪಾತ್ರೆ ತೊಳೆದರೆ ಒಲೆ ಕಾಣುತ್ತದೆ, ಒಲೆ ಸಾರಿಸಿದರೆ ಜೇಡರ ಬಲೆ ಕಾಣುತ್ತದೆ, ಜೇಡರ ಬಲೆ ತೆಗೆದರೆ ಕಸಬರಿಗೆಯೇ ಹೊಲಸಾಗಿರುತ್ತದೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಗೂಡಪ್ಪ ಹೇಗಿದ್ದಾನೆ ಎಂದು ಕೇಳಿದರೆ ನಮ್ಮ ಮನೆಯವರು ಹುರಿಮೀಸೆ ಇದೆ ಎನ್ನುತ್ತಿದ್ದರು. ಬಳೆಗಾರ ನಗುಮುಖ ಎನ್ನುತ್ತಿದ್ದ. ಪಕ್ಕದ ಮನೆಯಾಕೆ, ಥೇಟ್ ನಮ್ಮಪ್ಪನ ಹಾಗೆ ಎಂದು ಕಣ್ಣೊರೆಸಿಕೊಂಡಳು. ಒಬ್ಬರ ಮಾತಿಗೆ ಒಬ್ಬರ ಮಾತು ಕೂಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ದೀಪ ಹಚ್ಚಿ, ಸಾಯುವುದರೊಳಗೆ ಒಮ್ಮೆ ನಿನ್ನ ಮುಖ ತೋರಿಸಪ್ಪಾ ಎಂದು ಕೇಳಿಕೊಳ್ಳುತ್ತಿದ್ದೆ. ಕೇಳಿಕೊಳ್ಳುವಾಗಲೇ ಬತ್ತಿ ಸಣ್ಣಗಾಗಿರುವುದು ಕಾಣುತ್ತಿತ್ತು.

ಇಂಥ ನನ್ನನ್ನು ನಮ್ಮ ರೊಟ್ಟಿ ಕೇಂದ್ರಕ್ಕೆ ಅಧ್ಯಕ್ಷೆ ಮಾಡಿದರು. ಹತ್ತು ಹನ್ನೆರಡು ಹೆಂಗಸರು ಸೇರಿ ಜೋಳದ ರೊಟ್ಟಿ ಬಡಿದು, ಒಣಗಿಸಿ, ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಕಳಿಸುವ ಕೇಂದ್ರ ಅದು. ಮೊದಲು ತಂಗೆವ್ವ ಎಂಬ ಹಿರಿಯಳು ನಡೆಸುತ್ತಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದೆವು. ಅವಳು ಇನ್ನು ಸಾಕು ಎಂದು ಹೇಳಿ, ಸಭೆಯಲ್ಲಿ ನನ್ನತ್ತ ಬೆರಳು ತೋರಿಸಿ, ಸುಭದ್ರಾ ಆಗಲಿ, ಒಬ್ಬರಾದರೂ ನೆಲದ ಮೇಲೆ ಇರಬೇಕಲ್ಲ ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಎರಡು ದಿನ ಉಬ್ಬಿದ್ದೆ. ಮೂರನೆಯ ಸಂಜೆ ಅರ್ಥವಾಯಿತು. ಕೆಲಸ ಮುಗಿಸಿ ಒಬ್ಬೊಬ್ಬರೇ ಏರತೊಡಗಿದರು, ಏರುವ ಮೊದಲು ಪ್ರತಿಯೊಬ್ಬಳೂ ತನ್ನ ಹಗ್ಗದ ತುದಿ ತಂದು ನನ್ನ ಸೊಂಟಕ್ಕೆ ಕಟ್ಟಿದಳು. ಕಂಬಕ್ಕೆ ಕಟ್ಟಿಕೊಂಡರೆ ಕಂಬವಿದ್ದಲ್ಲೇ ಇರಬೇಕು. ನನಗೆ ಕಟ್ಟಿಕೊಂಡರೆ ಬಜಾರು, ಕೆರೆ ದಂಡೆ, ಗೂಡಪ್ಪನ ಬಂಡೆ ಎಲ್ಲ ಕಡೆ ಸುತ್ತಬಹುದು. ಗಾಳಿ ತುಂಬಿದ ಪುಗ್ಗ ಮಾರುವವನ ಹಾಗೆ ಅವರನ್ನೆಲ್ಲ ತಲೆಯ ಮೇಲೆ ತೇಲಿಸಿಕೊಂಡು ನಾನು ಬೀದಿಯಲ್ಲಿ ನಡೆಯುತ್ತಿದ್ದೆ. ಎಡಕ್ಕೆ ಹೋಗು, ನಿಲ್ಲು, ಹೂವಿನ ಅಂಗಡಿಯಲ್ಲಿ ಮಲ್ಲಿಗೆ ಬಂದಿದೆಯಾ ನೋಡು ಎಂದು ಮೇಲಿನಿಂದ ಅಪ್ಪಣೆಗಳು ಬೀಳುತ್ತಿದ್ದವು. ಅಧ್ಯಕ್ಷೆ ನಾನು.

ಬಂಡೆಯ ಹತ್ತಿರ ಹೋದಾಗ ಹಗ್ಗ ಸಡಿಲ ಬಿಡುತ್ತಿದ್ದೆ. ಅವರು ಗೂಡಿನ ತನಕ ಏರಿ ಕೈಮುಗಿಯುತ್ತಿದ್ದರು. ಅಲ್ಲಿಂದ ಕಿಸಕಿಸ ನಗು ಕೇಳುತ್ತಿತ್ತು. ದೇವರ ಎದುರು ಯಾಕೆ ನಗುತ್ತಾರೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಕೇಳಿದರೆ, ಬಂದು ನೋಡು ಎನ್ನುತ್ತಿದ್ದರು. ನಾನು ಕೆಳಗೆ ನಿಂತು ಅವರ ಅಂಗಾಲು ನೋಡುತ್ತಿದ್ದೆ. ಯಾರ ಕಾಲು ಒಡೆದಿದೆ, ಯಾರಿಗೆ ಎಣ್ಣೆ ಹಚ್ಚಲು ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಆ ವರ್ಷ ಪಟ್ಟಣದಿಂದ ಒಬ್ಬ ತರಬೇತಿಯ ಸರ್ ಬಂದರು. ಸಮಯ ಹೇಗೆ ಉಳಿಸಬೇಕು, ಮುಂದಾಳಾದವರು ಹೇಗಿರಬೇಕು ಎಂದು ಶಾಲೆಯ ಸಭಾಂಗಣದಲ್ಲಿ ಭಾಷಣ. ನಾನು ಮೊದಲ ಸಾಲಿನಲ್ಲಿ ಕುಳಿತೆ. ಎದ್ದ ಕೂಡಲೇ ಎಲ್ಲಕ್ಕಿಂತ ಕಷ್ಟದ ಕೆಲಸ ಮೊದಲು ಮಾಡಬೇಕು ಎಂದರು ಅವರು. ಮರುದಿನ ಎದ್ದ ಕೂಡಲೇ ನಾನು ನಮ್ಮ ಮನೆಯವರನ್ನು ಎಬ್ಬಿಸಲು ಹೋದೆ, ಬಿಸಿಲೇರುವ ತನಕ ಅದೇ ಆಯಿತು. ಕೆಲಸ ಹಂಚಿಕೊಡಬೇಕು, ಆಗ ಮುಂದಾಳಿನ ತಲೆ ಹಗುರಾಗುತ್ತದೆ ಎಂದೂ ಹೇಳಿದ್ದರು. ಹಂಚಿದೆ. ಹಿಟ್ಟು ನಾದುವುದು ಒಬ್ಬಳಿಗೆ, ಬೇಯಿಸುವುದು ಒಬ್ಬಳಿಗೆ, ಬಡಿಯುವುದು ಕಸ್ತೂರಿಗೆ. ಕಸ್ತೂರಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಅವಳ ರೊಟ್ಟಿಯ ಅಂಚು ಸ್ವಲ್ಪ ದಪ್ಪ. ಹಂಚಿದ ಮೇಲೆ ಎಲ್ಲರ ಹಿಂದೆ ಹೋಗಿ ಹಿಟ್ಟು ಮುಟ್ಟಿ ನೋಡಿದೆ, ಬೆಂಕಿ ನೋಡಿದೆ, ಕಸ್ತೂರಿಯ ರೊಟ್ಟಿ ತೆಗೆದು ನಾನೇ ಮತ್ತೆ ಬಡಿದೆ. ಮೊದಲು ನನಗೆ ನನ್ನ ಕೆಲಸವೊಂದೇ ಇತ್ತು, ಹಂಚಿದ ಮೇಲೆ ಎಲ್ಲರ ಕೆಲಸವೂ ನನ್ನದಾಯಿತು. ಅಂದಹಾಗೆ ಆ ಸರ್ ಭಾಷಣ ಮುಗಿಸಿದಾಗ ಇಡೀ ಸಭೆ ಅವರ ಬೂಟನ್ನೇ ನೋಡುತ್ತಿತ್ತು. ಬೂಟು ಕೂದಲೆಳೆಯಷ್ಟೂ ಮೇಲೇಳಲಿಲ್ಲ. ನಾವು ಮರ್ಯಾದಸ್ಥರು, ಚಪ್ಪಾಳೆ ತಟ್ಟಿದೆವು.

ಮನೆಯಲ್ಲೂ ಹಂಚಿ ನೋಡಿದೆ. ಬೇಳೆ ತಂದುಕೊಡಿ ಎಂದು ತೊಲೆಯತ್ತ ಮುಖ ಮಾಡಿ ಹೇಳಿದರೆ, ಹೂಂ ಎಂದು ಉತ್ತರ ಬರುತ್ತಿತ್ತು. ಒಂದು ಬೆರಳಿನಷ್ಟಾದರೂ ಕೆಳಗಿಳಿಯುತ್ತಾರೋ ಎಂದು ಕಾದರೆ, ಇಲ್ಲ. ನನ್ನ ಮಾತು ಕಿವಿಯೊಳಗೆ ಹೋಗದೆ, ಆ ಹೂಂ ಬರೀ ಬಾಯಿಂದ ಬಂದದ್ದು. ಬೇಳೆ ನನ್ನ ತಲೆಯಲ್ಲೇ ಉಳಿಯುತ್ತಿತ್ತು.

ಹೀಗಿರುವಾಗ ಪಕ್ಕದ ಊರಿನ ದೊಡ್ಡ ಮನೆತನದ ಮದುವೆಗೆ ರೊಟ್ಟಿ ಬೇಕೆಂದು ಹೇಳಿಕಳಿಸಿದರು. ನಮ್ಮ ಕೇಂದ್ರ ಅಷ್ಟು ರೊಟ್ಟಿಯನ್ನು ಕನಸಿನಲ್ಲೂ ಬಡಿದಿರಲಿಲ್ಲ. ಒಂದು ವಾರ ಊರಿಗೆಲ್ಲ ಪಟಪಟ ಸದ್ದು. ನಾನು ಕೂತಲ್ಲಿ ಕೂರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಎಲ್ಲವನ್ನೂ ಡಬ್ಬಗಳಿಗೆ ತುಂಬಿ ಬಾಯಿ ಕಟ್ಟಿದ್ದರು. ನಾನು ಒಂದೊಂದೇ ಡಬ್ಬ ಬಿಚ್ಚಿ ಅಂಚು ನೋಡಬೇಕು ಎಂದು ಕಾಲುಮಡಚಿ ಕೂರುವಷ್ಟರಲ್ಲಿ ಟೆಂಪೋ ಬಂತು. ಮದುವೆ ಮನೆಯ ಕಡೆಯವರು ಅವಸರ ಮಾಡಿದರು. ಕಸ್ತೂರಿಯೇ ಮುಂದೆ ನಿಂತು ಡಬ್ಬ ಏರಿಸಿದಳು. ತಡೆಯಿರಿ ಎಂದು ನಾನು ಕೂಗುವುದಕ್ಕೂ ಟೆಂಪೋ ತಿರುವಿನಲ್ಲಿ ಮರೆಯಾಗುವುದಕ್ಕೂ ಸರಿಹೋಯಿತು.

ಹೆಂಗಸರು ಆ ದಿನ ಏರಿದ ಹಾಗೆ ಯಾವತ್ತೂ ಏರಿರಲಿಲ್ಲ. ವಾರದ ಆಯಾಸವೆಲ್ಲ ಒಮ್ಮೆಲೇ ಇಳಿದು ಚಿಮ್ಮಿದರು. ಒಬ್ಬಳು ಗಾಳಿಯಲ್ಲೇ ಪಲ್ಟಿ ಹೊಡೆದಳು, ಅವಳಿಗೆ ಮೊಮ್ಮಕ್ಕಳಿದ್ದಾರೆ. ಬಂಡೆಗೆ ಹೋಗೋಣ ಎಂದು ಎಲ್ಲರೂ ಒಕ್ಕೊರಲಿನಲ್ಲಿ ಗದ್ದಲ ಮಾಡಿದರು. ನಾನು ಅಷ್ಟೂ ಹಗ್ಗ ಸೊಂಟಕ್ಕೆ ಬಿಗಿಸಿಕೊಂಡು ನಡೆದೆ. ತಲೆಯಲ್ಲಿ ಮಾತ್ರ ಟೆಂಪೋ ಓಡುತ್ತಿತ್ತು. ದಪ್ಪ ಅಂಚಿನ ರೊಟ್ಟಿ ಹೋಗಿದೆ. ಡಬ್ಬದ ತಳಕ್ಕೆ ಕಾಗದ ಹಾಸಿದರೋ ಇಲ್ಲವೋ. ನೂರು ಜನರ ಎದುರು ಊರಿನ ಮಾನ ಹೋಗುತ್ತದೆ.

ಬಂಡೆಯ ಬುಡಕ್ಕೆ ಬಂದಾಗ ಗಾಳಿ ಎದ್ದಿತು. ಮೇಲಿನವರು ಅತ್ತಿತ್ತ ತೂಗಾಡಿ ಕೇಕೆ ಹಾಕಿದರು. ಹಗ್ಗಗಳು ಒಂದಕ್ಕೊಂದು ಸುತ್ತಿಕೊಂಡು ನನ್ನ ಸೊಂಟ ಹಿಂಡಿದವು. ನನಗೆ ಗಾಬರಿಯಾಗಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಲ್ಲರೂ ಕೆಳಗಿಳಿಯಿರಿ ಎಂದು ಕಿರುಚಿದೆ. ಯಾರೂ ಇಳಿಯಲಿಲ್ಲ. ಗೂಡಿನ ಪಕ್ಕದ ಬಿರುಕಿನಲ್ಲಿ ಬೆಳೆದ ಅರಳಿಯ ಬೇರು ಹಿಡಿದುಕೊಂಡು ಆಯಿ ಕೆಳಗೆ ಬಗ್ಗಿ ನನ್ನನ್ನು ನೋಡಿದಳು.

“ಸುಭದ್ರಾ, ಈಗ ಏನ ಉಳದೈತಿ ನಿಂದು?” ಎಂದು ಕೇಳಿದಳು.

ರೊಟ್ಟಿ ಎಂದೆ. ಅಂಚು ದಪ್ಪ ಇತ್ತು, ನಾನು ನೋಡಲೇ ಇಲ್ಲ ಎಂದೆ.

“ಟೆಂಪೋ ಹೋತಲ್ಲವಾ. ಇನ್ನ ಅದು ಟೆಂಪೋದಾಂವನ ಕೆಲಸ. ಅವನ ಕೈಲೇನೂ ಆಗಲಿಲ್ಲಂದ್ರ ಇವನ ಕೆಲಸ,” ಎಂದು ಗೂಡಿನತ್ತ ಹೆಬ್ಬೆರಳು ತೋರಿಸಿದಳು. “ದಿನಾ ದೀಪಾ ಹಚ್ಚಿ ಅವಗ ಕೈ ಮುಗೀತಿ, ಒಂದ್ ದಿನಾ ಆದ್ರೂ ಅವನ ಕೈಗೆ ಏನರೆ ಕೊಟ್ಟೀಯೇನು?”

ನನಗೆ ಸಿಟ್ಟು ಬಂತು. ಸಿಟ್ಟಿನ ಒಳಗೆ ಅಳು ಬಂತು. ಕೊಡಲು ನನ್ನ ಹತ್ತಿರ ಏನಿದೆ ಎಂದುಕೊಂಡೆ. ಎಲ್ಲವನ್ನೂ ನಾನೇ ಹಿಡಿದುಕೊಂಡಿದ್ದೆನಲ್ಲ, ಅದೇ ಇತ್ತು. ಬೇಡುವಾಗ ಕೈ ಮುಂದೆ ಚಾಚಿದ್ದೇನೆಯೇ ಹೊರತು ಮುಷ್ಟಿ ಬಿಚ್ಚಿರಲಿಲ್ಲ. ಆದರೂ, ನಿಮ್ಮ ಹಗ್ಗ ಯಾರು ಹಿಡಿಯುತ್ತಾರೆ ಎಂದು ಕೇಳಿದೆ.

ಈ ಸಲ ಉತ್ತರ ಕೊಟ್ಟವಳು ಕಸ್ತೂರಿ. ಅವಳು ನನ್ನ ಎದುರು ಅಷ್ಟು ಮಾತಾಡಿದವಳೇ ಅಲ್ಲ. “ಅಕ್ಕಾರ, ನಾವು ಒಬ್ಬರಿಗೊಬ್ಬರು ಹಿಡಕೊಂಡೀವ್ರಿ. ನೀವು ಬಿಡ್ರಿ. ನನ್ನ ರೊಟ್ಟಿ ದಪ್ಪ ಆದ್ರ ಬೈಸಿಕೊಳ್ಳಾಕೂ ನಾನ ಬರ್ತೀನಿ.”

ಬೈಸಿಕೊಳ್ಳುವುದಕ್ಕೂ ಬೇರೆಯವರು ಸಿಗುತ್ತಾರೆ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ತಲೆ ಎತ್ತಿ ನೋಡಿದೆ. ಆಯಿ ಬೇರು ಹಿಡಿದಿದ್ದಳು, ಆಯಿಯ ಕೈ ಇನ್ನೊಬ್ಬಳು, ಅವಳ ಕೈ ಮತ್ತೊಬ್ಬಳು, ಹೀಗೆ ಕಸ್ತೂರಿಯ ತನಕ. ನಾನು ಒಂದು ಗಂಟು ಬಿಚ್ಚಿದೆ. ಏನೂ ಆಗಲಿಲ್ಲ. ಇನ್ನೊಂದು ಬಿಚ್ಚಿದೆ. ಹಗ್ಗಗಳು ಒಂದೊಂದೇ ಸುರ್ರನೆ ಮೇಲೆ ಹೋದವು. ಕೊನೆಯದು ಕಸ್ತೂರಿಯದು, ಅದನ್ನು ಒಂದು ಗಳಿಗೆ ಬೆರಳಿಗೆ ಸುತ್ತಿಕೊಂಡೆ. ಬಿಟ್ಟೆ. ನೀನೇ ನೋಡಿಕೊಳ್ಳಪ್ಪಾ ಎಂದೆ. ತಲೆ ಒಂದು ಸುತ್ತು ತಿರುಗಿದ ಹಾಗಾಯಿತು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಚಕ್ಕರ್ ಬಂದಿರಬೇಕು ಎಂದುಕೊಂಡೆ. ಕೂರೋಣ ಎಂದು ಕಾಲು ಮಡಚಿದೆ. ಕೂರುವುದಕ್ಕೆ ಕೆಳಗೆ ಏನೂ ಇರಲಿಲ್ಲ.

ಪೂಜಾರಿಯ ಬೋಳು ತಲೆ ನನ್ನ ಕಾಲ ಕೆಳಗೆ ಕಂಡಿತು. ಅಯ್ಯೋ ಅಯ್ಯೋ ಎನ್ನುತ್ತ ನಾನು ನೀರಿಗೆ ಬಿದ್ದವರಂತೆ ಕೈಕಾಲು ಬಡಿದೆ. ಮೇಲಿನಿಂದ ಬಿದ್ದ ನಗು ಇಡೀ ಊರಿಗೆ ಕೇಳಿಸಿರಬೇಕು. ಕಸ್ತೂರಿ ನನ್ನ ರಟ್ಟೆ ಹಿಡಿದಳು, ಆಯಿ ನನ್ನ ತುರುಬು ಹಿಡಿದು ಎಳೆದಳು. ಬಯಲಿನ ಗಾಳಿ ಕಚ್ಚೆಯೊಳಗೆ ನುಗ್ಗಿ ಕಚಗುಳಿ ಇಟ್ಟಿತು. ನಲವತ್ತು ದಾಟಿದ ಹೆಂಗಸು ನಾನು, ಚಿಕ್ಕ ಹುಡುಗಿಯ ಹಾಗೆ ಕಿಲಕಿಲ ನಕ್ಕೆ. ನಿಲ್ಲಿಸಲು ನೋಡಿದರೂ ನಿಲ್ಲಲಿಲ್ಲ. ಹಾಗೆ ನಗುತ್ತಲೇ ಗೂಡಿನ ಎದುರು ಬಂದೆ, ಕೈಮುಗಿದೆ, ಕಣ್ಣು ತೆರೆದು ನೋಡಿದೆ.

ಗೂಡಪ್ಪನ ಮುಖ ಅರ್ಧಕ್ಕೇ ನಿಂತಿತ್ತು. ಒಂದು ಕಣ್ಣು ಕಡೆದಿದ್ದರು, ಬಹಳ ಚೆಂದದ ಕಣ್ಣು. ಇನ್ನೊಂದು ಕಣ್ಣಿನ ಜಾಗದಲ್ಲಿ ಬರೀ ಕಲ್ಲು. ಮೂಗು ಎಲ್ಲಿ ಬರಬೇಕೆಂದು ಗೆರೆ ಎಳೆದಿತ್ತು. ಬಾಯಿಯ ಕಡೆ ಉಳಿಯ ನಾಲ್ಕು ಏಟು ಬಿದ್ದಿತ್ತಷ್ಟೇ. ಮೀಸೆ ಇರಲಿಲ್ಲ, ನಗು ಇರಲಿಲ್ಲ, ಯಾರಪ್ಪನ ಹಾಗೂ ಇರಲಿಲ್ಲ. ಯಾರು ಕಡೆದರೋ, ಕೆಲಸ ಅಲ್ಲಿಗೇ ಬಿಟ್ಟು ಹೋಗಿದ್ದರು.

ನಾನು ಆಯಿಯ ಮುಖ ನೋಡಿದೆ. ಇಷ್ಟು ವರ್ಷ ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದೆ.

“ಏನಂತ ಹೇಳೂದವಾ? ನೋಡಿದಾವ್ರು ಅವರವರ ಮಟ್ಟಿಗೆ ಮುಗಿಸಿಕೊಂಡು ಹೋಗ್ತಾರ,” ಎಂದಳು ಆಯಿ.

ಹಾಗಾದರೆ ಮೀಸೆ ನಮ್ಮ ಮನೆಯವರದು, ನಗು ಬಳೆಗಾರನದು. ನಾನೂ ಮುಗಿಸಲು ನೋಡಿದೆ. ಇಷ್ಟು ಉದ್ದ ಮೂಗು ಇಡೋಣ, ಹುಬ್ಬು ಸ್ವಲ್ಪ ದಪ್ಪ ಮಾಡೋಣ ಎಂದು ಮನಸ್ಸಿನಲ್ಲೇ ಉಳಿ ಹಿಡಿದೆ. ಹಿಡಿದ ಕೂಡಲೇ ಹಿಮ್ಮಡಿ ಭಾರವಾಗಿ ಒಂದು ಮೊಳ ಕೆಳಗೆ ಜಾರಿದೆ. ಆಯಿ ಮತ್ತೆ ತುರುಬು ಹಿಡಿದಳು. ಆಗ ಬಿಟ್ಟುಬಿಟ್ಟೆ. ಇವನು ಅರ್ಧ ಮುಖ ಇಟ್ಟುಕೊಂಡೇ ಇಷ್ಟು ಕಾಲ ಇಡೀ ಊರನ್ನು ಎತ್ತುತ್ತಾ ಇಳಿಸುತ್ತಾ ಕುಳಿತಿದ್ದಾನೆ, ಒಂದು ದಿನವೂ ನಾಚಿಕೊಂಡಿಲ್ಲ. ನನಗೆ ಅವನ ಮೇಲೆ ಹಿಂದೆಂದೂ ಇಲ್ಲದಷ್ಟು ಪ್ರೀತಿ ಬಂತು. ಆ ಒಂದು ಕಣ್ಣನ್ನೇ ನೋಡುತ್ತ, ನಗುತ್ತ, ಮೂಗು ಸೀಟುತ್ತ ತೇಲಿದೆ. ಅಲ್ಲಿ ಎಲ್ಲರೂ ಯಾಕೆ ನಗುತ್ತಾರೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಹೊತ್ತು ಮುಳುಗತೊಡಗಿದ ಮೇಲೆ ಹೆಂಗಸರು ಇಳಿಯತೊಡಗಿದರು. ಒಬ್ಬಳು ಎಮ್ಮೆ ಕರೆಯುವುದನ್ನು ನೆನೆದಳು, ಇಳಿದಳು. ಕಸ್ತೂರಿ ಅತ್ತೆಯ ಮಾತ್ರೆ ನೆನೆದಳು, ಇಳಿದಳು. ಆಯಿ ಏನು ನೆನೆದಳೋ, ಗೊಣಗುತ್ತ ಇಳಿದಳು. ನಾನೂ ಇಳಿಯಬೇಕೆಂದು ಕೆಲಸವೊಂದನ್ನು ಹುಡುಕಿದೆ. ಸಿಗಲಿಲ್ಲ. ಹುಟ್ಟಿದಾಗಿನಿಂದ ತಲೆಯಲ್ಲಿ ಕೆಲಸವನ್ನೇ ಹೊತ್ತವಳಿಗೆ ಅಂದು ಒಂದು ಸೌಟು ಕೂಡ ನೆನಪಿಗೆ ಬರಲಿಲ್ಲ. ಅರಳಿಯ ಬೇರಿಗೆ ತೋಳು ಸುತ್ತಿ ಹಾಯಾಗಿ ಕುಳಿತೆ.

ಸುದ್ದಿ ಕೇಳಿ ನಮ್ಮ ಮನೆಯವರು ಗಿಡ ಗೋಡೆ ಹಿಡಿದುಕೊಳ್ಳುತ್ತ ಬಂಡೆಯ ಬುಡಕ್ಕೆ ಬಂದರು. ಚಹಾ ಸಿಗದೆ ಎರಡು ಗಳಿಗೆಯಾಗಿತ್ತು, ಆದರೂ ಒಂದು ಮೊಳ ಮೇಲೆಯೇ ತೇಲುತ್ತಿದ್ದರು. ಕೈ ಬಾಯಿಗೆ ಹಿಡಿದು, ಬೇಳೆ ತೀರಿದೆ ಎಂದು ಕೂಗಿದರು. ಹೆಂಡತಿಯನ್ನು ಇಳಿಸಲು ಇಷ್ಟು ಸಾಕು ಎಂದು ಅವರ ಲೆಕ್ಕ. ನೀವೇ ತನ್ನಿ ಎಂದೆ, ಈ ಸಲ ಮನಸ್ಸಿನಿಂದಲೇ ಎಂದೆ. ಹಿಂದೆಲ್ಲ ಹಾಗೆ ಹೇಳುವಾಗಲೇ ನಾನು ಚೀಲ ಹುಡುಕುತ್ತಿದ್ದೆ. ಈ ಸಲ ಹುಡುಕಲಿಲ್ಲ. ಅವರ ಕಾಲು ಒಂದು ಗೇಣು ಇಳಿಯಿತು. ಹಿಟ್ಟಿಲ್ಲ, ಗಿರಣಿ ಮುಚ್ಚುವ ಹೊತ್ತಾಯಿತು ಎಂದು ಕೂಗಿದರು. ಹಾಗಾದರೆ ಬೇಗ ಹೋಗಿ ಎಂದೆ. ಇನ್ನೊಂದು ಗೇಣು. ಒಗೆದ ಬಟ್ಟೆ ಹೊರಗೇ ಇದೆ ಎಂದರು. ಹೌದಲ್ಲ, ಮಡಚಿಡಿ ಎಂದೆ. ಅವರ ಪಾದ ಪೂರ್ತಿ ನೆಲಕ್ಕೆ ಊರಿತು. ಎಷ್ಟೋ ವರ್ಷಗಳ ಮೇಲೆ ಸಂಜೆ ಹೊತ್ತಿನಲ್ಲಿ ಬರಿಗಾಲಿಗೆ ಮಣ್ಣು ತಾಗಿ ಅವರು ಬೆರಳು ಆಡಿಸಿ ನೋಡಿಕೊಂಡರು. ಕೇಂದ್ರದ ಹೆಂಗಸರೆಲ್ಲ ಸುತ್ತ ನಿಂತು ಬಾಯಿಗೆ ಸೆರಗು ಹಿಡಿದಿದ್ದರು.

“ಹಂಗಾದ್ರ ನೀ ಕೆಳಗ ಯಾವಾಗ ಬರ್ತಿ?” ಎಂದು ಅವರು ಮೆಲ್ಲಗೆ ಕೇಳಿದರು.

ನಾನು ಗೂಡಪ್ಪನ ಕಡೆ ಒಮ್ಮೆ ನೋಡಿ, ಕಾಲ ಮೇಲೆ ಕಾಲು ಹಾಕಿದೆ.

“ಅಡಗಿ ಆದಮ್ಯಾಲ ಕರೀರಿ,” ಎಂದೆ.